ಮಗ್ಗ ನಿಂತಾಗ ತೆಗೆದ ಫೋಟೋ

ನಮ್ಮ ಮನೆಯ ನೆಲ ನಡುಗುತ್ತದೆ ಎಂಬುದು ನನಗೆ ತಿಳಿದದ್ದು ಹದಿನಾಲ್ಕನೇ ವಯಸ್ಸಿನಲ್ಲಿ, ಅದೂ ಮೂರು ರೀಲು ಹಾಳು ಮಾಡಿದ ಮೇಲೆ. ಈಗ ಮದುವೆ, ಬಸುರಿಯ ಕುಬಸ, ತೊಟ್ಟಿಲು ಅಂತ ಫೋಟೋ ತೆಗೆದೇ ಹೊಟ್ಟೆ ಹೊರೆಯುವವಳು ನಾನು. ಕಾಲೇಜಿನ ಹುಡುಗಿಯರು ಬರುತ್ತಾರೆ, ‘ಮೇಡಂ, ಫೋಟೋ ತಗಿಯೂದು ಕಲೀಬೇಕು, ಯಾವ ಕ್ಯಾಮೆರಾ ತಗೊಳ್ಳೂಣು’ ಎಂದು ಕೇಳುತ್ತಾರೆ. ಕ್ಯಾಮೆರಾ ಆಮೇಲೆ ತಗೊಳ್ರಿ, ಮೊದಲು ನಿಂತ ನೆಲ ನೋಡ್ರಿ ಎನ್ನುತ್ತೇನೆ. ಅವರು ನಗುತ್ತಾರೆ, ನನಗೆ ಸಿಟ್ಟು ಬರುತ್ತದೆ. ನಾನೇನೂ ವೇದಾಂತ ಹೇಳುತ್ತಿರುವುದಿಲ್ಲ. ಬನಹಟ್ಟಿಯ ನಮ್ಮ ಓಣಿಯಲ್ಲಿ ಮನೆ ಎಂದರೆ ಮುಂದೆ ಮಗ್ಗ, ಹಿಂದೆ ಒಲೆ, ನಡುವೆ ನಾವು. ಅಪ್ಪನ ನಾಲ್ಕು ಪಾವರ್‌ಲೂಮುಗಳು ಬೆಳಗ್ಗೆ ಶುರುವಾದರೆ ಕರೆಂಟು ಹೋಗುವವರೆಗೆ ನಿಲ್ಲುತ್ತಿರಲಿಲ್ಲ. ಆ ಸದ್ದಿನಲ್ಲಿ ಮಾತಾಡುವುದೆಂದರೆ ಕೂಗುವುದೇ. ಪರ ಊರಿನ ನೆಂಟರು ಬಂದರೆ, ‘ಇವರ ಮನಿಯಾಗ ದಿನಾ ಜಗಳ’ ಎಂದು ಹೋದಲ್ಲೆಲ್ಲ ಹೇಳುತ್ತಿದ್ದರು. ಜಗಳವೂ ಇರುತ್ತಿತ್ತು, ಆ ಮಾತು ಬೇರೆ. ನೂಲಿನ ಧೂಳು ಎಲ್ಲದರ ಮೇಲೂ ಕೂರುತ್ತಿತ್ತು. ರೊಟ್ಟಿ ಬುಟ್ಟಿಯ ಮೇಲೆ ಹಸಿ ಬಟ್ಟೆ ಹೊಚ್ಚುವುದು ಮರೆತರೆ ಅಪ್ಪ ರೊಟ್ಟಿ ಎತ್ತಿ ಹಿಡಿದು, ‘ಇವತ್ತ ಇದಕ್ಕ ಗಡ್ಡ ಬಂದೈತಿ’ ಎಂದು ಹೇಳಿ, ಊದಿ, ಝುಣಕ ಹಚ್ಚಿಕೊಂಡು ತಿನ್ನುತ್ತಿದ್ದ.

ಅವ್ವನ ಪಾಲಿಗೆ ಎರಡು ಕೆಲಸ. ಒಂದು, ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತುವುದು. ಇನ್ನೊಂದು, ಬಣ್ಣ ಹೊಂದಿಸುವುದು. ಈ ಎರಡನೆಯದರಲ್ಲಿ ಅವಳ ಮಾತಿಗೆ ಅಪ್ಪನೂ ಎದುರಾಡುತ್ತಿರಲಿಲ್ಲ. ನೂಲಿನ ಹೊಸ ಲಡಿ ಬಂದರೆ ಟ್ಯೂಬ್‌ಲೈಟಿನ ಕೆಳಗೆ ಬಿಚ್ಚಲು ಬಿಡುತ್ತಿರಲಿಲ್ಲ. ಹೊಸ್ತಿಲ ಒಳಗಡೆ, ಬಿಸಿಲು ಬೀಳದ, ಬೆಳಕು ಮಾತ್ರ ಬರುವ ಗೇಣು ಜಾಗವಿತ್ತು. ಅಲ್ಲಿ ಕುಳಿತು, ಹಳೆಯ ಸೀರೆಯ ತುಂಡಿನ ಪಕ್ಕದಲ್ಲಿ ಹೊಸ ಲಡಿ ಹಿಡಿದು, ಕಣ್ಣು ಸಣ್ಣ ಮಾಡಿ ನೋಡುವಳು. ‘ಬಿಸಲಾಗ ಎಲ್ಲಾ ಬಣ್ಣ ಸುಳ್ಳ ಹೇಳತಾವ, ಕತ್ತಲ್ಯಾಗ ಎಲ್ಲಾ ಬಣ್ಣ ಬಾಯಿ ಮುಚ್ಚತಾವ’ ಎನ್ನುತ್ತಿದ್ದಳು. ಅವಳಿಗೆ ಸಹಿ ಹಾಕಲು ಬರುತ್ತಿರಲಿಲ್ಲ. ಆದರೆ ಎರಡು ಕೆಂಪುಗಳ ನಡುವೆ ಇರುವ ಮೂರನೆಯ ಕೆಂಪು ಅವಳಿಗೆ ಕಾಣುತ್ತಿತ್ತು.

ಅಕ್ಕ ಕಸ್ತೂರಿ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಕಪ್ಪು. ಇದನ್ನು ಎಣ್ಣೆಗೆಂಪು, ಗೋಧಿಬಣ್ಣ ಎಂದೆಲ್ಲ ತಿದ್ದಿ ಹೇಳುವುದಿಲ್ಲ, ಅವಳೂ ತಿದ್ದುತ್ತಿರಲಿಲ್ಲ. ನಾಲ್ಕು ಮಗ್ಗಗಳ ಗದ್ದಲದಲ್ಲಿ ಯಾವುದರ ದಾರ ಹರಿಯಿತು ಎಂದು ಅಡುಗೆಮನೆಯಲ್ಲಿ ಕುಳಿತೇ ಹೇಳುತ್ತಿದ್ದಳು. ಅವಳಿಗೆ ಗಂಡು ನೋಡುವ ಕಾಲ ಬಂದಾಗ ಅಪ್ಪ ಪೇಟೆಯ ಒಂದು ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿದ. ಪೌಡರು ಬಳಿದು, ಎರಡು ದೊಡ್ಡ ದೀಪ ಉರಿಸಿ, ಆಮೇಲೆ ಬ್ರಷ್ಷಿನಿಂದ ತಿದ್ದಿ ಆ ಮನುಷ್ಯ ಕೊಟ್ಟ ಫೋಟೋ ನೋಡಿ ನಾನು, ‘ಇಕಿ ಯಾರು?’ ಎಂದು ಕೇಳಿದೆ. ತಲೆಗೆ ಒಂದು ಮೊಟಕು ಬಿತ್ತು. ಆದರೆ ನಾನು ಕೇಳಿದ್ದು ತಮಾಷೆಗೆ ಅಲ್ಲ, ಖರೆಯೇ ಗುರುತು ಹತ್ತಿರಲಿಲ್ಲ.

ಆ ಫೋಟೋ ನೋಡಿ ಜಮಖಂಡಿಯಿಂದ ಒಂದು ಮನೆಯವರು ಬಂದರು, ಅರಿವೆ ವ್ಯಾಪಾರದವರು. ಅವ್ವ ಅವಲಕ್ಕಿ ಮಾಡಿದ್ದಳು. ಮಗ್ಗ ನಿಲ್ಲಿಸಿದ್ದರು. ಅಕ್ಕ ತಲೆ ಬಗ್ಗಿಸಿ ಕುಳಿತ ಮೇಲೆ ಹುಡುಗನ ತಾಯಿ ಚೀಲದೊಳಗಿಂದ ಫೋಟೋ ತೆಗೆದು, ಎದ್ದು ಬಂದು, ಅಕ್ಕನ ಗಲ್ಲದ ಪಕ್ಕದಲ್ಲಿ ಹಿಡಿದಳು. ಅತ್ತ ನೋಡಿದಳು, ಇತ್ತ ನೋಡಿದಳು.

“ಸ್ಯಾಂಪಲ್ ಒಂದು, ಮಾಲ್ ಒಂದು ಆತಲ್ರಿ.”

ಅವರ ಗಂಡಸರು ನಕ್ಕರು. ಅಪ್ಪನೂ ನಕ್ಕ. ವ್ಯಾಪಾರಿ ನಕ್ಕಾಗ ನೇಯುವವನು ನಗಬೇಕು ಎಂಬುದು ಅವನಿಗೆ ರೂಢಿಯಾಗಿ ಹೋಗಿತ್ತು. ಅವರು ಅವಲಕ್ಕಿ ಪೂರ್ತಿ ತಿಂದು, ಚಹಾ ಕುಡಿದು, ತಿಳಿಸುತ್ತೇವೆ ಎಂದು ಹೇಳಿ ಹೋದರು. ಅಕ್ಕ ಸೀರೆ ಬದಲಿಸಿಕೊಂಡು ಬಂದವಳೇ ಅಪ್ಪನ ಮುಂದೆ ನಿಂತಳು.

“ಅಪ್ಪಾ, ನೀ ಯಾಕ ನಕ್ಕಿ?”

“ನಗಲಾರದ ಏನ್ ಮಾಡ್ಲೆವಾ, ಮನಿಗೆ ಬಂದವರ ಜೋಡಿ ಬಡದಾಡ್ಲ್ಯಾ?”

“ಇನ್ನ ಮ್ಯಾಲ ಆ ಫೋಟೋ ಯಾರ ಮನಿಗೂ ಹೋಗಬಾರದು. ಹ್ವಾದ್ರ ನಾ ಹೊರಗ ಬರಂಗಿಲ್ಲ. ಯಾವಾಕಿದೋ ಮಾರಿ ಇಟಗೊಂಡು ನಾ ಅವರ ಮುಂದ ಕುಂಡ್ರಂಗಿಲ್ಲ.”

“ಫೋಟೋ ಕಳಸಲಾರದ ಯಾರವಾ ಬರ್ತಾರ?”

“ಬರದಿದ್ರ ಬಿಡ್ಲಿ.”

ಬಿಡ್ಲಿ ಎನ್ನುವುದು ಸುಲಭ. ಆ ರಾತ್ರಿ ನನ್ನ ಪಕ್ಕದಲ್ಲಿ ಮಲಗಿದ್ದ ಅವಳ ಮೈ ಅಲುಗುತ್ತಿತ್ತು, ನಾನು ನಿದ್ದೆ ಬಂದವಳಂತೆ ಬಿದ್ದುಕೊಂಡಿದ್ದೆ. ಅವಳಿಗೆ ಮದುವೆ ಬೇಕಾಗಿತ್ತು. ಮನೆ, ಮಕ್ಕಳು, ತನ್ನದೇ ಒಂದು ಒಲೆ, ಎಲ್ಲ ಬೇಕಾಗಿತ್ತು. ಆದರೆ ಫೋಟೋ ಇಲ್ಲದೆ ಗಂಡು ಬರುವಂತಿಲ್ಲ, ಆ ಫೋಟೋ ಇದ್ದರೆ ಅವಳು ಬರುವಂತಿಲ್ಲ. ಆರು ತಿಂಗಳು ನಮ್ಮ ಮನೆ ಇದೇ ಮಾತಿನಲ್ಲಿ ಸಿಕ್ಕಿಕೊಂಡಿತು. ಉಣ್ಣಲು ಕುಳಿತರೆ ಅದೇ, ಎದ್ದರೆ ಅದೇ.

ಅಷ್ಟರಲ್ಲಿ ಭೀಮಪ್ಪ ಮಾಮಾನ ಕ್ಯಾಮೆರಾ ಬಂತು. ಮಾಮಾ ಅವ್ವನ ತಮ್ಮ, ಗಲಗಲಿ ಕಡೆಯ ಹೊಳೆದಂಡೆಯವನು. ಆಲಮಟ್ಟಿಯ ಹಿನ್ನೀರಿಗೆ ತನ್ನ ಮನೆ ಹೋಗುತ್ತದೆ ಎಂದು ಖಾತ್ರಿಯಾದಾಗ ಅವನು ಯಾರದೋ ಹಳೆಯ ಕ್ಯಾಮೆರಾ ಕೊಂಡು, ಪಡಸಾಲೆ, ದನ ಕಟ್ಟುವ ಹಕ್ಕಿ, ದೇವರ ಜಗಲಿ ಎಲ್ಲದರ ಫೋಟೋ ತೆಗೆದಿದ್ದ. ತೆಗೆಯುವಾಗ ಬಾಗಿಲು, ಕಿಟಕಿ ಎಲ್ಲ ತೆರೆದಿಟ್ಟು, ಬೆಳಕು ಬರುವ ಕಡೆಗೇ ಮುಖ ಮಾಡಿ ನಿಂತಿದ್ದ. ಲ್ಯಾಬಿನಲ್ಲಿ ರೀಲು ತೊಳೆಸಿದಾಗ ಬಾಗಿಲುಗಳು ಬೆಳ್ಳಗೆ, ಮಿಕ್ಕದ್ದೆಲ್ಲ ಇದ್ದಿಲು. ಇನ್ನೊಮ್ಮೆ ತೆಗೆಯೋಣ ಎಂದರೆ ಅಷ್ಟರಲ್ಲಿ ನೀರು ಬಂದಿತ್ತು. ಸರಕಾರ ಕೊಟ್ಟ ಹೊಸ ಜಾಗದಲ್ಲಿ ತಗಡಿನ ಮನೆ ಹಾಕಿಕೊಂಡು, ಒಂದು ದಿನ ಕ್ಯಾಮೆರಾ ತಂದು ನನ್ನ ಮುಂದೆ ಇಟ್ಟ.

“ಮನೀನ ಹೋತು, ಇನ್ನ ಏನ್ ತಗೀಲಿ ಇದರಾಗ. ನೀ ಕಲಿ ನೀಲವ್ವ. ಬೆಳಕ ನಮ್ಮ ಬೆನ್ನಿಗಿರಬೇಕಂತ. ಆ ಲ್ಯಾಬಿನಾಂವ ಈಗ ಹೇಳತಾನ ನೋಡು.”

ಹೇಳಿ ನಗಲು ಹೋದ, ಆಗಲಿಲ್ಲ. ಅವ್ವ ಅವನಿಗೆ ರೊಟ್ಟಿ ಬಡಿಸಲು ಎದ್ದಳು. ನಾನು ಕಲಿತ ಮೊದಲ ಪಾಠ ಅದು.

ಮೊದಲ ರೀಲು ಹಾಳಾದದ್ದು ನನ್ನ ಅವಸರದಿಂದ. ಅನ್ನ ಬೆಂದಿದೆಯೋ ಇಲ್ಲವೋ ಎಂದು ಮುಚ್ಚಳ ತೆಗೆದು ನೋಡುವಂತೆ, ಫೋಟೋ ಬಂದಿವೆಯೋ ಇಲ್ಲವೋ ಎಂದು ಹಿಂದಿನ ಬಾಗಿಲು ತೆರೆದು ನೋಡಿದೆ. ಬೆಳಕು ಹೊಕ್ಕು ಎಲ್ಲ ಸುಟ್ಟಿತು. ಎರಡನೆಯ ರೀಲಿನಲ್ಲಿ ಹೊರಗೆ ತೆಗೆದ ನಾಯಿ, ಕೋಳಿ, ಓಣಿಯ ಮಕ್ಕಳು ನೆಟ್ಟಗೆ ಬಂದರು. ಮನೆಯೊಳಗೆ ತೆಗೆದದ್ದೊಂದೂ ನೆಟ್ಟಗೆ ಬರಲಿಲ್ಲ. ಕ್ಯಾಮೆರಾದ ಫ್ಲಾಷ್ ಮೊದಲೇ ಸತ್ತಿತ್ತು. ಅವ್ವನಿಗೆ ನಾಲ್ಕು ಕಣ್ಣು, ಅಪ್ಪನಿಗೆ ಎರಡು ಮೂಗು, ದೇವರ ಫೋಟೋಕ್ಕೂ ನಡುಕ. ಜಮಖಂಡಿಯ ಲ್ಯಾಬಿನ ಮನುಷ್ಯ ಪ್ರಿಂಟು ಕೊಡುತ್ತ ನನ್ನ ಕೈ ನೋಡಿದ.

“ಏನ್ ತಂಗಿ, ಕೈಗೆ ಚಳಿಜ್ವರ ಬಂದಾವೇನು? ಒಳಗ ಬೆಳಕ ಕಡಿಮಿ ಇರತೈತಿ, ಕೈ ಅಲಗಾಡಬಾರದು. ಗಟ್ಟೀದರ ಮ್ಯಾಲ ಇಟ್ಟು, ಉಸಿರ ಬಿಗಿ ಹಿಡದು ತಗಿ.”

ಮೂರನೆಯ ರೀಲು ಪೂರ್ತಿ ಹಾಗೇ ತೆಗೆದೆ. ಜೋಳದ ಪೆಟ್ಟಿಗೆಯ ಮೇಲೆ ಇಟ್ಟೆ, ಗೋಡೆಯ ಮಾಡಿನ ಕಟ್ಟೆಯ ಮೇಲೆ ಇಟ್ಟೆ, ಮಗ್ಗದ ಮನೆಯ ಗೋಡೆಗೆ ಆನಿಸಿ ಹಿಡಿದೆ. ಉಸಿರು ಕಟ್ಟಿ ಕಟ್ಟಿ ತಲೆ ತಿರುಗಿತು. ಪ್ರಿಂಟು ಬಂದರೆ ಮೊದಲಿಗಿಂತ ಹೆಚ್ಚು ನಡುಕ! ಒಂದೇ ಒಂದು ಬಿಟ್ಟು. ಅದರಲ್ಲಿ ಅವ್ವ ಗೋಡೆಗೆ ಒರಗಿ ಕುಳಿತಿದ್ದಳು. ಅವಳ ಹೆಬ್ಬೆರಳಿನ ಒಡಕು ಕೂಡ ಎಣಿಸುವಂತೆ ಬಂದಿತ್ತು. ಇದೊಂದು ಹೇಗೆ ಬಂತು ಎಂದು ನಾನು ತಲೆ ಕೆರೆದುಕೊಳ್ಳುವಾಗ ಅವ್ವ ಫೋಟೋ ಇಸಿದುಕೊಂಡು ಹೊಸ್ತಿಲಿಗೆ ಒಯ್ದು ನೋಡಿದಳು.

“ಇದು ಕರೆಂಟ ಹೋದಾಗ ತಗದದ್ದು.”

“ನಿನಗ ಹೆಂಗ ಗೊತ್ತು ಬೇ?”

“ಕುಂತೀನಲ್ಲ. ಕರೆಂಟ ಇದ್ದಾಗ ನಾ ಕುಂತದ್ದು ಯಾವಾಗರೆ ನೋಡಿಯೇನು?”

ನಾನು ಒಂದು ತಂಬಿಗೆ ನೀರು ತುಂಬಿ ನಡುಮನೆಯ ನೆಲದ ಮೇಲಿಟ್ಟೆ. ನಾಲ್ಕೂ ಮಗ್ಗ ನಡೆದಿದ್ದವು. ನೀರಿನ ಮೇಲೆ ಸಣ್ಣ ಸಣ್ಣ ಗೆರೆಗಳು ಸುಮ್ಮನೆ ಓಡಾಡುತ್ತಿದ್ದವು. ಗಟ್ಟಿಯಾದದ್ದು ಎಂದು ನಾನು ನಂಬಿ ಕ್ಯಾಮೆರಾ ಇಟ್ಟದ್ದೆಲ್ಲ, ಪೆಟ್ಟಿಗೆ, ಕಟ್ಟೆ, ಗೋಡೆ, ಎಲ್ಲ ಮಗ್ಗದ ಜೊತೆ ಕುಣಿಯುತ್ತಿದ್ದವು. ಅದರ ಮೇಲೆಯೇ ಹುಟ್ಟಿ, ಅದರ ಮೇಲೆಯೇ ಮಲಗಿ ಬೆಳೆದ ನಮಗೆ ಯಾರಿಗೂ ಅದು ಗೊತ್ತೇ ಇರಲಿಲ್ಲ. ಅಪ್ಪನನ್ನು ಕರೆದು ತಂಬಿಗೆ ತೋರಿಸಿದೆ. ‘ಅದಕ್ಕ ಏನೀಗ?’ ಎಂದ.

ಅಂದಿನಿಂದ ಕರೆಂಟು ಹೋಗುವುದನ್ನೇ ಕಾಯತೊಡಗಿದೆ. ಲೋಡ್‌ಶೆಡ್ಡಿಂಗಿನ ಹೊತ್ತು ಬಂತೆಂದರೆ ಓಣಿಯ ತುಂಬ ಸದ್ದು ಒಮ್ಮೆಲೇ ನಿಂತು, ಗುಬ್ಬಿ ಕೂಗುವುದು ಕೇಳಿಸುತ್ತಿತ್ತು. ಅಪ್ಪ ಕರೆಂಟಿನವರ ಮನೆತನವನ್ನೆಲ್ಲ ಬೈಯುತ್ತ ಹೊರಗೆ ಬರುವನು, ನಾನು ಕ್ಯಾಮೆರಾ ಹಿಡಿದು ಒಳಗೆ ಓಡುವೆನು. ‘ಊರಿಗೊಂದು ದಾರಿ ಆದ್ರ ಎಡವಟ್ಟಗೊಂದು ದಾರಿ. ಕರೆಂಟ ಹ್ವಾದ್ರ ಹಿಗ್ಗಾಕಿ ಬನಹಟ್ಟ್ಯಾಗ ಇಕಿ ಒಬ್ಬಾಕೀನ’ ಎಂದು ಅವನು ಅಕ್ಕಪಕ್ಕದವರಿಗೆ ಹೇಳುತ್ತಿದ್ದ. ರೀಲು ಮಾಮಾ ತಂದುಕೊಡುತ್ತಿದ್ದ. ಅವನಿಗೆ ಇದೊಂದು ಚಟವಾಗಿತ್ತು. ಆ ದಿನಗಳಲ್ಲಿ ನಾನು ಕಲಿತದ್ದೆಲ್ಲ ತಪ್ಪು ಮಾಡಿಯೇ ಕಲಿತದ್ದು. ದೂರ ನಿಂತು ತೆಗೆದರೆ ಮನುಷ್ಯರು ಇರುವೆಗಳಾಗುತ್ತಾರೆ, ಆದ್ದರಿಂದ ಹತ್ತಿರ ಹೋಗಬೇಕು. ಮುಖ ಮಾತ್ರ ನೋಡುತ್ತ ಒತ್ತಿದರೆ ಹಿಂದಿನ ಗೂಟ ತಲೆಯೊಳಗಿಂದ ಎದ್ದು ನಿಲ್ಲುತ್ತದೆ. ಬೇಡವಾದದ್ದನ್ನು ಚೌಕಟ್ಟಿನಿಂದ ಹೊರಗೆ ಬಿಡಬೇಕು. ಈ ಕೊನೆಯದು ಒಳ್ಳೆಯ ಪಾಠವೆಂದೇ ತಿಳಿದಿದ್ದೆ.

ಅವ್ವನ ಆ ಒಂದು ಫೋಟೋವನ್ನು ಅಕ್ಕ ಹಲವು ಸಲ ಎತ್ತಿ ನೋಡಿದ್ದನ್ನು ಗಮನಿಸಿದ್ದೆ. ಒಂದು ದಿನ ಅವಳೇ ಬಂದಳು.

“ಏ ನೀಲಿ, ನಂದೂ ಒಂದ ತಗಿ. ಪೌಡರ್ ಹಚ್ಚಂಗಿಲ್ಲ ಮತ್ತ.”

ಮಗಳು ಒಪ್ಪಿದಳು ಎಂದು ಅಪ್ಪನಿಗೆ ಹಿಗ್ಗೋ ಹಿಗ್ಗು. ನೇಕಾರನ ಮಗಳ ಫೋಟೋ ಸಪ್ಪಗಿರಬಾರದು ಎಂದು ಹಟ ಹಿಡಿದು, ಆಗತಾನೇ ಮಗ್ಗದಿಂದ ಇಳಿಸಿದ ಕಡುಗೆಂಪು ಸೀರೆಯನ್ನು ಪರದೆಯಂತೆ ಅವಳ ಪಕ್ಕಕ್ಕೆ ಎಳೆದು ಕಟ್ಟಿಸಿದ. ನನಗೂ ಚಂದ ಕಂಡಿತು. ತೊಳೆಸಿಕೊಂಡು ಬಂದರೆ ಅಕ್ಕನ ಅರ್ಧ ಮುಖ ಕೆಂಪು.

“ಯವ್ವಾ, ಸಿಂಧೂರ ಬಡದ ಹಣಮಪ್ಪನಂಗ ಕಾಣತೇನಲ್ಲೇ!” ಎಂದು ಅಕ್ಕ ಬಿದ್ದು ಬಿದ್ದು ನಕ್ಕಳು. ಆರು ತಿಂಗಳಲ್ಲಿ ಅವಳು ಹಾಗೆ ನಕ್ಕದ್ದು ಅದೇ ಮೊದಲು. ಅವ್ವ ನಗಲಿಲ್ಲ, ಅಪ್ಪನ ಕಡೆ ತಿರುಗಿದಳು.

“ಕೆಂಪ ಲಡಿ ಬಾಜೂಕ ಬಿಳೀದು ಇಟ್ರ ಬಿಳೀದೂ ಕೆಂಪ ಹೊಡೀತೈತಿ. ಹುಟ್ಟಿದಾಗಿಂದ ಮಗ್ಗ ಹೊಡದೀರಿ, ಇಷ್ಟ ಗೊತ್ತಾಗಲಿಲ್ಲೇನ್ರಿ?”

ಮುಂದಿನ ಸಲ ಎಲ್ಲ ಅವ್ವನದೇ ಕಾರುಬಾರು. ಕರೆಂಟು ಹೋದ ಕೂಡಲೆ ಅಕ್ಕನನ್ನು ಹೊಸ್ತಿಲ ಒಳಗಡೆಯ ತನ್ನ ಜಾಗದಲ್ಲಿ ಕೂರಿಸಿದಳು. ಹಿಂದೆ ಸುಣ್ಣದ ಗೋಡೆ, ಇನ್ನೇನೂ ಇಲ್ಲ. ಬಣ್ಣಕ್ಕೆ ಹಾಕದ ಬಿಳಿ ನೂಲಿನ ಲಡಿಗಳನ್ನು ಎರಡೂ ತೋಳಿಗೆ ಏರಿಸಿಕೊಂಡು, ಬಾಗಿಲ ಬೆಳಕು ಬೀಳದ ಮಗ್ಗುಲಿಗೆ ಹೋಗಿ ನಿಂತಳು. ಲಡಿಗೆ ಬಡಿದ ಬೆಳಕು ಹೊಳ್ಳಿ ಅಕ್ಕನ ಆ ಗಲ್ಲಕ್ಕೆ ಹೋಗಿ ಕುಳಿತದ್ದನ್ನು ನಾನು ಕ್ಯಾಮೆರಾದೊಳಗೆ ಕಂಡೆ. ಅಕ್ಕ, ‘ಆತೇನ? ಕಾಲ ಜೋಂವ ಹಿಡದಾವ’ ಎಂದು ಬೈಯಲು ಬಾಯಿ ತೆರೆದಾಗ ಒತ್ತಿದೆ. ಪ್ರಿಂಟಿನಲ್ಲಿ ಕಪ್ಪು ಕಪ್ಪಾಗಿಯೇ ಇತ್ತು. ಹುಬ್ಬಿನ ಮೇಲಿನ ಹಳೆಯ ಗಾಯದ ಕಲೆ ಇತ್ತು. ಮುಂದೆ ಬಂದ ಒಂದು ಹಲ್ಲು ಇತ್ತು. ಕಣ್ಣಲ್ಲಿ ಸಿಡುಕು, ಅದರ ಹಿಂದೆ ನಗು. ಅಪ್ಪ ಬಹಳ ಹೊತ್ತು ನೋಡಿದ.

“ಇಷ್ಟ ಕಪ್ಪ ಅದಾಳೇನ ನಮ್ಮ ಹುಡುಗಿ?” ಎಂದ. ಆಮೇಲೆ ತನಗೆ ತಾನೇ ಹೇಳಿಕೊಂಡಂತೆ, “ಛಲೋ ಅದಾಳಲ್ಲ!” ಎಂದ.

ಆ ಫೋಟೋ ಮುಧೋಳದ ಒಂದು ಮನೆಗೆ ಹೋಯಿತು. ಹದಿನೈದು ದಿನದೊಳಗೆ ಉತ್ತರ ಬಂತು: ಹುಡುಗಿ ಮನಸ್ಸಿಗೆ ಬಂದಿದ್ದಾಳೆ, ಬಂದು ನೋಡುತ್ತೇವೆ. ಜೊತೆಗೆ ಹುಡುಗನ ಫೋಟೋ. ಹೆಸರು ಬಸವರಾಜ, ನೀರೆತ್ತುವ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿ ರಿಪೇರಿ ಮಾಡುವ ಅಂಗಡಿ ಅವನದು. ಫೋಟೋದಲ್ಲಿ ಹಿಂದೆ ಬಣ್ಣ ಬಳಿದ ಕಾರಂಜಿ, ಮುಂದೆ ಹೂಕುಂಡ, ನಡುವೆ ಗುಲಾಬಿ ಗಲ್ಲದ ಅವನು. ಅಕ್ಕ ಅದನ್ನು ನೋಡಿ ಅವ್ವನ ಕೈಗೆ ಕೊಟ್ಟಳು.

“ಇಂವಗೂ ಪೌಡರ್ ಬಡದಾರ. ನಾ ಖರೇ ಮಾರಿ ಕಳಿಸೀನಿ, ನನಗೂ ಖರೇ ಮಾರಿ ಬೇಕು. ನೀಲಿ ಹೋಗಿ ತಕ್ಕೊಂಡ ಬರ್ಲಿ.”

“ಹುಚ್ಚ ಹಿಡದೈತೇನ?” ಅಪ್ಪ ಎದ್ದೇಬಿಟ್ಟ. “ಗಂಡಿನ ಮನಿಗೆ ಹೋಗಿ ಫೋಟೋ ತಗೀತೇವಿ ಅಂದ್ರ ಕಾಲಾನ ಕೆರ ತಗೊಂಡ ಬರ್ತಾರ!”

“ಭೀಮಪ್ಪನ ಜೋಡಿ ಹೋಗ್ಲಿ ತಗೋರಿ,” ಎಂದಳು ಅವ್ವ. “ಸಾಲಿ ಹುಡುಗಿ, ಕಂಡವರದೆಲ್ಲ ತಗೀತಾಳ, ಚಟಾ ಐತಿ ಅಂದ್ರಾತು.”

ಹೀಗೆ ನಾನು ಮಾಮಾನ ಜೊತೆ ಮುಧೋಳಕ್ಕೆ ಹೋದೆ. ಅವರ ಮನೆಯ ಮುಂದಿನ ಖೋಲಿಯೇ ಅಂಗಡಿ. ಮಾಮಾನನ್ನು ಹಿರಿಯರು ಒಳಗೆ ಕರೆದೊಯ್ದರು, ನಾನು ಬಾಗಿಲಲ್ಲೇ ನಿಂತೆ. ಬಸವರಾಜ ಹೊಸ್ತಿಲ ಹತ್ತಿರ ಕುಳಿತು ತಂತಿ ಸುತ್ತುತ್ತಿದ್ದ, ಬೆಳಕು ಅವನ ಕೈಯ ಮೇಲೆ ಬಿದ್ದಿತ್ತು. ಮುಖ ನೋಡುವ ಮೊದಲೇ ಆ ಬೆಳಕು ನೋಡಿ ನಾನು ಕ್ಯಾಮೆರಾ ಎತ್ತಿ ಒತ್ತಿಬಿಟ್ಟೆ. ಒತ್ತಿದ ಮೇಲೆ ಕಂಡದ್ದು, ಬಲಗೈಯಲ್ಲಿ ಎರಡು ಬೆರಳಿರಲಿಲ್ಲ. ಸಪ್ಪಳಕ್ಕೆ ಅವನು ತಲೆ ಎತ್ತಿ, ಕೂಡಲೆ ಹೆಗಲ ಟವೆಲ್ ತೆಗೆದು ಕೈಯ ಮೇಲೆ ಹಾಕಿಕೊಂಡ.

“ಅದು ಬ್ಯಾಡಾಗಿತ್ತು ತಂಗಿ. ಸಣ್ಣಾಂವ ಇದ್ದಾಗ ಕಬ್ಬಿನ ಗಾಣದಾಗ ಹ್ವಾದ್ವು.” ಟವೆಲಿನ ಅಂಚನ್ನು ಕೈಯ ಕೆಳಗೆ ಸೇರಿಸಿದ. “ಮಾತ ಗಟ್ಟಿ ಆಗ್ಲಿ, ನಿಮ್ಮ ಅಕ್ಕಗ ನಾನ ಹೇಳತೇನಿ. ಈಗ ಮಾರಿ ಅಷ್ಟ ತಗೀತಿಯಾ?”

ಅವನ ತಾಯಿ ಒಳಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಬಂದು ನನ್ನ ಕೈಗೆ ಶೇಂಗಾ ಹೋಳಿಗೆ ಇಟ್ಟಳು. ಪಾಪ ಎನಿಸಿತು, ಅವನ ಮುಖ ಒಳ್ಳೆಯದಿತ್ತು, ಮಾತು ಒಳ್ಳೆಯದಿತ್ತು. ಹತ್ತಿರ ಹೋದೆ. ಎದೆಯಿಂದ ಮೇಲೆ ಚೌಕಟ್ಟು ಹಿಡಿದೆ. ಫೋಟೋ ಬಹಳ ಚಂದ ಬಂತು. ಬಸ್ಸಿನಲ್ಲಿ ಹೊಳ್ಳಿ ಬರುವಾಗ ಮಾಮಾ ಕೇಳಿದ:

“ಹುಡುಗ ಬಂಗಾರದಂಥಾಂವ. ಆದ್ರ ಕೈ ಮ್ಯಾಲಿನ ಟವೆಲ್ ಯಾಕ ತಗೀಲಿಲ್ಲ ಅಂವಾ?”

“ಗ್ರೀಸ್ ಹತ್ತಿತ್ತು ಮಾಮಾ,” ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರಂತೆ ಬ್ಯಾಗಿನೊಳಗಿನ ಕ್ಯಾಮೆರಾ ಮುಟ್ಟಿ ನೋಡಿಕೊಂಡೆ.

ಎರಡೂ ಪ್ರಿಂಟು ಬಂದವು. ಮುಖದ್ದನ್ನು ಮನೆಗೆ ಕೊಟ್ಟೆ, ಕೈಯದನ್ನು ಇತಿಹಾಸದ ಪುಸ್ತಕದ ರಟ್ಟಿನೊಳಗೆ ಇಟ್ಟೆ. ಮನೆಯಲ್ಲಿ ಎಲ್ಲರಿಗೂ ಹುಡುಗ ಮನಸ್ಸಿಗೆ ಬಂದ. ಮಾಮಾ ಟವೆಲಿನ ಸುದ್ದಿ ಹೇಳಿದಾಗಲೂ ಎಲ್ಲರೂ ಗ್ರೀಸು ಎಂದೇ ನಂಬಿದರು. ಐತವಾರ ಅವರು ಬರುವುದೆಂದೂ, ಎಲ್ಲ ಕೂಡಿ ಬಂದರೆ ಅಂದೇ ಮಾತು ಮುಗಿಸಿ ಕುಂಕುಮ ಹಚ್ಚುವುದೆಂದೂ ಆಯಿತು. ಅಕ್ಕ ಮಗ್ಗದ ಹತ್ತಿರ ಕಂಡಿಕೆ ಸುತ್ತುವಾಗ ಅವಳ ತುಟಿಗಳು ಅಲುಗುತ್ತಿದ್ದವು. ಆ ಗದ್ದಲದಲ್ಲಿ ಏನೂ ಕೇಳಿಸುತ್ತಿರಲಿಲ್ಲ, ಆದರೆ ಹಾಡುತ್ತಿದ್ದಾಳೆ ಎಂದು ಗೊತ್ತಾಗುತ್ತಿತ್ತು. ಅದನ್ನು ನೋಡಿದಾಗಲೆಲ್ಲ ನಾನು ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಕುಂಕುಮ ಹಚ್ಚಿದ ಮೇಲೆ ಅವಳಿಗೆ ಗೊತ್ತಾದರೆ, ಆಮೇಲೆ ಒಲ್ಲೆ ಎಂದರೂ ಊರು ಬಿಡುವುದಿಲ್ಲ. ಆ ಸ್ಟುಡಿಯೋದವನು ಬ್ರಷ್ಷಿನಿಂದ ಮಾಡಿದ್ದನ್ನೇ ನಾನು ಬ್ರಷ್ಷಿಲ್ಲದೆ ಮಾಡಿದ್ದೆ, ಅದೂ ನನ್ನ ಅಕ್ಕನಿಗೇ.

ಗುರುವಾರ ಮಧ್ಯಾಹ್ನ ಕರೆಂಟು ಹೋಯಿತು, ಮಗ್ಗಗಳು ನಿಂತವು. ಅಂದು ನಾನು ಕ್ಯಾಮೆರಾ ಮುಟ್ಟಲಿಲ್ಲ. ಪುಸ್ತಕದ ರಟ್ಟು ಬಿಚ್ಚಿ ಫೋಟೋ ತೆಗೆದು ಅಕ್ಕನ ಮಡಿಲಲ್ಲಿಟ್ಟೆ. ಅವಳು ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

“ಇದು ಯಾವಾಗಿಂದು?”

“ಮುಧೋಳಕ್ಕ ಹ್ವಾದ ದಿನದ್ದು. ಮೊದಲ ತಗದದ್ದು ಇದನ್ನ.”

“ಮತ್ತ ಯಾಕ ಮುಚ್ಚಿಟ್ಟಿ?”

“ಅಂವಾ ಕೇಳಿಕೊಂಡಾ. ಮತ್ತ… ನೀ ಒಲ್ಲೆ ಅಂತೀ ಅಂತ ಅಂಜಿದೆ.”

ಕಪಾಳಕ್ಕೆ ಛಟೀರೆಂದು ಬಿತ್ತು. ಅಲ್ಲಿಯತನಕ ಅಕ್ಕ ನನ್ನ ಮೇಲೆ ಕೈ ಮಾಡಿರಲಿಲ್ಲ.

“ಒಲ್ಲೆ ಅನ್ನೂದು ನಂದೋ, ನಿಂದೋ?”

ನಾನು ಜೋರಾಗಿ ಅತ್ತೆ. ಸದ್ದಿಲ್ಲದ ಮನೆಯಲ್ಲಿ ಅದು ಎಲ್ಲರಿಗೂ ಕೇಳಿತು. ಅಪ್ಪ, ಅವ್ವ ಓಡಿ ಬಂದರು. ಆ ದಿನ ಮಾಮಾನೂ ನಮ್ಮಲ್ಲಿಯೇ ಇದ್ದ. ಫೋಟೋ ಕೈಯಿಂದ ಕೈಗೆ ಹೋಯಿತು. ಮಾಮಾ ನನ್ನನ್ನು ಒಮ್ಮೆ ನೋಡಿ, ‘ಗ್ರೀಸ!’ ಎಂದು ತಲೆ ಚಚ್ಚಿಕೊಂಡ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು. ಅಪ್ಪನದು ಸಿಟ್ಟಿನ ದನಿಯಲ್ಲ, ದಣಿದ ದನಿ.

“ಮೊದಲ ಗೊತ್ತಾಗಿದ್ದು ಛಲೋ ಆತು. ಭೀಮಪ್ಪಾ, ಬ್ಯಾಡ ಅಂತ ಹೇಳಿ ಬಂದುಬಿಡು.”

“ಬ್ಯಾಡ ಅಂತ ನಾ ಎಲ್ಲಿ ಅಂದೆ?” ಎಂದಳು ಅಕ್ಕ. ಫೋಟೋವನ್ನು ಅಪ್ಪನ ಕೈಯಿಂದ ಇಸಿದುಕೊಂಡಳು. “ಎಳಿ ಹೆಂಗ ಹಿಡದಾನ ನೋಡು. ಹತ್ತ ಬೆರಳ ಇದ್ದ ನಮ್ಮ ಕೆಲಸದವರು ಹಿಂಗ ಹಿಡೀತಾರೇನು? ಆ ಮಾರಿ ಫೋಟೋ ನೋಡಿ ಛಲೋ ಅದಾನ ಅಂದಿದ್ದೆ. ಇಂವಾ ಏನ್ ಅದಾನ ಅನ್ನೂದು ಇದರಾಗ ಐತಿ.”

“ಮತ್ತ ಮುಚ್ಚಿದ್ನಲ್ಲವಾ?”

“ಮುಚ್ಚಿದಾ. ನಾವು ಮುಚ್ಚಿ ಕಳಸಿರಲಿಲ್ಲೇನು?”

ಅಕ್ಕ ಮಾಮಾನ ಮುಂದೆ ಫೋಟೋ ಹಿಡಿದಳು.

“ಮಾಮಾ, ಐತವಾರಕ್ಕ ಮೊದಲ ಇದು ಅಂವಗ ಮುಟ್ಟಬೇಕು. ನಾ ನೋಡೀನಿ, ನೋಡೇ ಬರಾಕ ಹೇಳೀನಿ ಅಂತ ಗೊತ್ತಾಗ್ಲಿ. ಇಲ್ಲಂದ್ರ ಇಲ್ಲಿ ಬಂದೂ ಟವೆಲ್ ಹೊಚ್ಚಿಕೊಂಡ ಕುಂಡ್ರತಾನ.”

ಮಾಮಾ ಮರುದಿನ ಬೆಳಗಿನ ಬಸ್ಸಿಗೆ ಹೋಗಿ, ಸಂಜೆಯೊಳಗೆ ಹೊಳ್ಳಿ ಬಂದ. ನಾವೆಲ್ಲ ಅವನ ಬಾಯನ್ನೇ ನೋಡುತ್ತ ನಿಂತಿದ್ದೆವು. ಅವನು ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು, ನೀರು ಕುಡಿಯುವವರೆಗೂ ಅಕ್ಕ ಏನೂ ಕೇಳಲಿಲ್ಲ.

“ಏನಂದಾ?”

“ಏನೂ ಅನ್ನಲಿಲ್ಲವಾ. ನೀ ಹೇಳಿದ್ದ ಹೇಳಿ ಫೋಟೋ ಕೊಟ್ಟೆ. ನೋಡಿದಾ. ಸಣ್ಣ ಹುಡುಗರಂಗ ಅತ್ತುಬಿಟ್ಟಾ.”

“ಐತವಾರ ಬರ್ತಾರಂತೇನು?”

“ಬರ್ತಾರಂತ.”

“ಬರ್ಲಿ,” ಎಂದಳು ಅಕ್ಕ. ಒಳಗೆ ಹೋಗುವಾಗ, ಹಿಂದಿನ ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದವಳು ನನ್ನ ಹತ್ತಿರ ನಿಂತಳು.

“ಏ ನೀಲಿ, ಐತವಾರ ಕ್ಯಾಮೆರಾ ಹೊರಗ ತಗೀಬ್ಯಾಡ. ನನ್ನ ಕಣ್ಣಿಲೆ ನಾನ ನೋಡತೇನಿ.”